ಹನ್ನೆರಡನೆಯ ಸೈಕಲ್ ನಿಲ್ದಾಣ

ನಮ್ಮೂರಿಗೆ ಪುರಸಭೆಯವರು ಸೈಕಲ್ ತರಿಸಿದ ವರ್ಷ, ಅವನ್ನು ಎಲ್ಲೆಲ್ಲಿ ನಿಲ್ಲಿಸಬೇಕು ಅಂತ ಜಾಗ ಹುಡುಕುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಇನ್ಯಾರ ತಲೆಗೆ ಕಟ್ಟುತ್ತಾರೆ? ಊರಿಗೆಲ್ಲ ದಾರಿ ಅಳೆಯುವವನು ಅಂತ ಇರುವವನು ನಾನೊಬ್ಬ. ಇಪ್ಪತ್ತೆರಡು ವರ್ಷದಿಂದ ಒಂದು ಕೋಲು, ಕೋಲಿನ ತುದಿಗೆ ಒಂದು ಗಾಲಿ, ಇಷ್ಟೇ ನನ್ನ ಆಸ್ತಿ. ಗಾಲಿ ಒಂದು ಸುತ್ತು ತಿರುಗಿದರೆ ಒಂದು ಹೆಜ್ಜೆ, ಟಕ್ ಅಂತ ಒಂದು ಸದ್ದು. ಆ ಸದ್ದು ಕೇಳಿದರೆ ಸಾಕು, ಹೆಂಗಸರು ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದು, 'ಎಷ್ಟಾಯ್ತು ಅಳತೆಯೋರೆ?' ಅನ್ನುತ್ತಾರೆ. ನನ್ನ ಹೆಸರು ಯಾರಿಗೂ ಬೇಕಾಗಿಲ್ಲ. ಎಷ್ಟಾಯ್ತು ಅನ್ನುವುದೊಂದು ಬೇಕು.

ನಮ್ಮೂರಿನ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಯಾರ ಮನೆಗೆ ಜನ ಬಂದು ಕೂರುವುದಿಲ್ಲವೋ ಆ ಮನೆಯ ದಾರಿ ಬೆಳೆಯುತ್ತದೆ. ಬಾಗಿಲಲ್ಲಿ ನಿಂತು ಮಾತಾಡಿದರೆ ಲೆಕ್ಕಕ್ಕಿಲ್ಲ. ಮನೆಯವರು ತಾವೇ ಎಷ್ಟು ಸಲ ಓಡಾಡಿದರೂ ಲೆಕ್ಕಕ್ಕಿಲ್ಲ. ಹೊರಗಿನವರು ಹೊಸಿಲು ದಾಟಿ ಒಳಗೆ ಬರಬೇಕು, ಕೂರಬೇಕು. ಅದಕ್ಕೇ ನಮ್ಮಲ್ಲಿ 'ಕೂತು ಹೋಗಿ' ಅನ್ನುವುದು ಬರಿಯ ಬಾಯಿಮಾತಿನ ಉಪಚಾರವಲ್ಲ. ಹಾಲಿನವನಿಗೂ ಮಣೆ, ಮೀಟರು ಓದುವವನಿಗೂ ಕುರ್ಚಿ. ಮದುವೆಗೆ ಹೋದವರು ಪಾತ್ರೆಪಗಡದ ಬದಲು ಕುರ್ಚಿ ಉಡುಗೊರೆ ಕೊಡುತ್ತಾರೆ. ಮಾತು ಬಿಟ್ಟ ವಾರಗಿತ್ತಿಯರು ಕೂಡ ವಾರಕ್ಕೊಂದು ಸಲ ಒಬ್ಬರ ಮನೆಗೊಬ್ಬರು ಹೋಗಿ, ಮುಖ ತಿರುಗಿಸಿಕೊಂಡು ಹತ್ತು ನಿಮಿಷ ಕೂತು, ಎದ್ದು ಬರುತ್ತಾರೆ. ಒಬ್ಬರು ನಿಮ್ಮ ಮನೆಯಲ್ಲಿ ಕೂತರೆ ನೀವೂ ಅವರ ಮನೆಗೆ ಹೋಗಿ ಕೂರಬೇಕು. ಅದು ಪದ್ಧತಿ.

ಬೆಳೆಯುವುದರಲ್ಲೂ ಒಂದೊಂದು ದಾರಿಯದು ಒಂದೊಂದು ನಡೆ. ಕೆಲವು ದಿನಕ್ಕೆ ನೂರು ಹೆಜ್ಜೆ ಬೆಳೆದರೆ ಕೆಲವು ಒಂದೋ ಎರಡೋ. ಪುರಸಭೆಯ ಮುಂದಿನ ದೀಪದ ಕಂಬದಿಂದ ಅಳೆದು ಒಂಬತ್ತು ಸಾವಿರ ಹೆಜ್ಜೆ ದಾಟಿತೋ, ಆ ಮನೆ ಊರಿನ ಪಟ್ಟಿಯಿಂದ ಆಚೆ. ಆಮೇಲೆ ಅದರ ದಾರಿ ಗಾಲಿಗೂ ಸಿಗುವುದಿಲ್ಲ, ಕಾಲಿಗೂ ಸಿಗುವುದಿಲ್ಲ. ಅತ್ತ ಕಡೆ ಹೊತ್ತು ಮುಳುಗುವಾಗ ದೀಪ ಹಚ್ಚುವುದು ಕಾಣುತ್ತದೆ, ಕೂಗಿದರೆ ಕೂಗು ಕೇಳುತ್ತದೆ ಅನ್ನುವವರಿದ್ದಾರೆ. ಹೋಗಿ ಬಂದೆ ಅನ್ನುವವರನ್ನು ನಾನು ಕಂಡಿಲ್ಲ.

ನಮ್ಮ ಕಚೇರಿಯ ನಿಯಮ ಪುಸ್ತಕದ ಮೊದಲ ಪುಟದಲ್ಲೇ ಒಂದು ಸಾಲಿದೆ: ಅಳೆಯುವವನು ಯಾರ ಮನೆಯಲ್ಲೂ ಕೂರತಕ್ಕದ್ದಲ್ಲ. ಕೂತರೆ ಅಳತೆ ಕೆಡುತ್ತದೆ, ನ್ಯಾಯವಾದ ಮಾತು. ಹಾಗಾಗಿ ಇಪ್ಪತ್ತೆರಡು ವರ್ಷ ನಾನು ಎಲ್ಲೂ ಕೂರಲಿಲ್ಲ. ಮದುವೆಯೂಟವನ್ನು ನಿಂತೇ ಉಂಡೆ. ನಾನು ಯಾರಲ್ಲೂ ಕೂರದ ಮೇಲೆ ನನ್ನ ಮನೆಗೆ ಬಂದು ಕೂರುವ ಹಂಗು ಯಾರಿಗಿದೆ? ಹಾಲಿನವನೋ ಮೀಟರಿನವನೋ ಬಂದರೆ ಮನೆ ಹಗಲೆಲ್ಲ ಬೀಗ. ನಾನು ಕೆಲಸಕ್ಕೆ ಸೇರಿದಾಗ ನನ್ನ ಮನೆಗೆ ಒಂಬೈನೂರ ಅರವತ್ತು ಹೆಜ್ಜೆ ಇತ್ತು. ಅದು ದಿನಕ್ಕೆ ಒಂದೇ ಒಂದು ಹೆಜ್ಜೆ ಬೆಳೆಯುವ ಸಾಧು ದಾರಿ. ಒಂದು ಹೆಜ್ಜೆ ಏನು ಮಹಾ ಅಂದುಕೊಂಡೆ. ಸೈಕಲ್ ಬಂದ ವರ್ಷ ಅದು ಒಂಬತ್ತು ಸಾವಿರಕ್ಕೆ ಬಲು ಹತ್ತಿರವಿತ್ತು. ದಿನಾ ಸಂಜೆ ಗಾಲಿ ತಳ್ಳಿಕೊಂಡೇ ಮನೆಗೆ ಹೋಗುತ್ತಿದ್ದೆನಲ್ಲ, ನನಗೆ ಗೊತ್ತಿತ್ತು. ಯಾರಿಗೂ ಹೇಳಿಕೊಳ್ಳಲಿಲ್ಲ. ಊರಿನ ಅಳತೆಯವನ ಮನೆಗೇ ಜನ ಬರುವುದಿಲ್ಲ ಅಂತ ಯಾವ ಬಾಯಿಯಲ್ಲಿ ಹೇಳಲಿ?

ಸೈಕಲ್ ವಿಷಯಕ್ಕೆ ಬರುತ್ತೇನೆ. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವ ಸೈಕಲ್ ಅವು. ಯಾರೊಬ್ಬರದೂ ಅಲ್ಲ, ಊರಿನವು. ಒಟ್ಟು ಎಂಬತ್ತು ಸೈಕಲ್, ಹನ್ನೆರಡು ನಿಲ್ದಾಣ, ಒಂದೊಂದು ನಿಲ್ದಾಣಕ್ಕೆ ಹತ್ತು ಗೂಟ. ತೆಗೆದ ಸೈಕಲ್ಲನ್ನು ಅರ್ಧ ಗಂಟೆಯೊಳಗೆ ಯಾವುದಾದರೂ ನಿಲ್ದಾಣದ ಖಾಲಿ ಗೂಟಕ್ಕೆ ಸಿಕ್ಕಿಸಬೇಕು. ನಮ್ಮ ಅಂಬುಜಾಕ್ಷಿ ಮೇಡಂ, ಪುರಸಭೆಯ ದಾರಿ ವಿಭಾಗದ ಮುಖ್ಯಸ್ಥೆ, ನನ್ನ ಮುಂದೆ ಊರಿನ ನಕ್ಷೆ ಹಾಸಿ, "ಹನ್ನೊಂದು ನಿಲ್ದಾಣ ಜನ ಇರೋ ಕಡೆ ಇಡಿ. ಒಂದು ಮಾತ್ರ ದೂರದವರಿಗೆ. ಮೂರು ಸಾವಿರ ಹೆಜ್ಜೆಗಿಂತ ಒಂದು ಹೆಜ್ಜೆ ಕಮ್ಮಿ ಇದ್ರೂ ನಾನು ಸಹಿ ಹಾಕಲ್ಲ," ಎಂದರು. ಖಡಕ್ ಹೆಂಗಸು. ಆದರೆ ಮಾತಿಗೆ ತಪ್ಪುವವರಲ್ಲ.

ಹನ್ನೊಂದು ಜಾಗ ಗೊತ್ತು ಮಾಡುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂತು. ಆಸ್ಪತ್ರೆ, ಸಂತೆ ಮೈದಾನ, ಬಸ್ ನಿಲ್ದಾಣ ಇವಕ್ಕೆ ತಕರಾರಿಲ್ಲ. ಬೀದಿಗಳಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ. "ನಮ್ಮ ಜಗುಲಿ ಮುಂದೇನೇ ಇಡಿ ಅಳತೆಯೋರೆ, ಸೈಕಲ್ ಸಿಗೋತನಕ ಕಾಯೋರು ಒಳಗೆ ಬಂದು ಕೂರ್ತಾರೆ," ಅಂತ ಒಂದು ಮನೆಯವರು. "ಅವರ ಮುಂದೆ ಇಟ್ರೆ ನಮ್ಮನೆಗೆ ಬರೋರೂ ಅಲ್ಲೇ ಕೂತುಬಿಡ್ತಾರೆ, ನೋಡಿ ಮತ್ತೆ," ಅಂತ ಎದುರು ಮನೆಯವರು. ಅಂಚೆ ಕಚೇರಿ ಬೀದಿಯಲ್ಲಿ ಒಬ್ಬ ಮಹಾಶಯ ನಾನು ಅಳೆಯಲು ಬರುವ ಮುಂಚೆಯೇ ಎರಡು ಹೊಸ ಬೆಂಚು ಮಾಡಿಸಿ ಹಾಕಿದ್ದ. ಬಣ್ಣ ಇನ್ನೂ ಹಸಿ. ಆ ಬೆಂಚಿನ ಹಸಿರು ನನ್ನ ಪ್ಯಾಂಟಿಗೆ ಹತ್ತಿದ್ದು ಇವತ್ತಿಗೂ ಹೋಗಿಲ್ಲ. ಕೂತಿದ್ದಲ್ಲ, ಬರಿಯ ಒರಗಿದ್ದು.

ಉಳಿದದ್ದು ಹನ್ನೆರಡನೆಯದು. ಅದಕ್ಕೆ ಎರಡು ಅರ್ಜಿ ಬಂದಿದ್ದವು. ಒಂದು ಇಟ್ಟಿಗೆಗೂಡಿನ ಬಡಾವಣೆಯದು, ನಲವತ್ತು ಮನೆಯವರ ಸಹಿ. ಇನ್ನೊಂದು ಬತ್ತಿ ಓಣಿಯದು, ಒಂದೇ ಸಹಿ. ದ್ರಾಕ್ಷಾಯಣಮ್ಮ, ಬ್ಲೌಸ್ ಹೊಲಿಯುವವರು. ಒಂದು ಸಹಿಯ ಅರ್ಜಿ ಅಂತ ಪಕ್ಕಕ್ಕಿಡುವ ಹಾಗಿಲ್ಲ, ಬಂದ ಅರ್ಜಿಯ ದಾರಿಯನ್ನು ಹತ್ತು ದಿನಕ್ಕೊಮ್ಮೆ ಮೂರು ಸಲ ಅಳೆಯಬೇಕು ಅಂತ ನಿಯಮ. ಗಾಲಿ ತಳ್ಳಿಕೊಂಡು ಹೊರಟೆ.

ಬತ್ತಿ ಓಣಿ ಮೊದಲು ಸಂತೆ ಮೈದಾನದ ಬೆನ್ನಿಗೇ ಇತ್ತು. ಈಗ ಮೈದಾನ ದಾಟಿದ ಮೇಲೆ ಬರೀ ಗೋಡೆ, ಗೋಡೆ ಮುಗಿದರೆ ಬಯಲು, ಬಯಲಿನ ನಡುವೆ ದಾರಿ, ಎಷ್ಟು ನಡೆದರೂ ಮುಗಿಯದ್ದು. ಆರು ಸಾವಿರದ ಇನ್ನೂರ ಹದಿನಾಲ್ಕಕ್ಕೆ ಓಣಿ ಸಿಕ್ಕಿತು. ಎರಡು ಬೀಗ ಹಾಕಿದ ಮನೆ, ಮೂರನೆಯದರಲ್ಲಿ ಹೊಲಿಗೆ ಮಿಷನ್ನಿನ ಸದ್ದು. ಕಿಟಕಿಯಲ್ಲಿ ನನ್ನನ್ನು ಕಂಡದ್ದೇ ಸದ್ದು ನಿಂತಿತು. ಐವತ್ತರ ಆಜುಬಾಜಿನ ಹೆಂಗಸು, ಕೊರಳಲ್ಲಿ ಅಳತೆ ಟೇಪು ನೇತುಬಿದ್ದಿತ್ತು. ಬಾಗಿಲು ತೆರೆಯುವ ಮುಂಚೆ ಕುರ್ಚಿ ಎಳೆದು ಹಾಕಿದ ಸದ್ದು ಕೇಳಿತು.

"ಬನ್ನಿ, ಕೂತು ಹೋಗಿ."

"ನಾವು ಕೂರೋ ಹಾಗಿಲ್ಲಮ್ಮ, ಅಳತೆಯವರು."

"ಓಹ್, ಹೌದಲ್ಲ," ಎಂದರು. ಕುರ್ಚಿಯ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ. ಮಿಷನ್ನಿನ ಮೇಲೆ ಕೆಂಪು ಬಟ್ಟೆಯೊಂದಿತ್ತು. ನನ್ನ ಕಣ್ಣು ಅತ್ತ ಹೋದದ್ದನ್ನು ಕಂಡು ಅವರೇ ಹೇಳಿದರು. "ಯಾರದ್ದೂ ಅಲ್ಲ ಅದು. ಹೊಲಿಗೆ ಮರೆತುಹೋಗಬಾರದು ಅಂತ ಹೊಲೀತೀನಿ, ಬಿಚ್ತೀನಿ. ನಾನೂ ಜಯಶೀಲಾನೂ ಸೇರಿ ಇಲ್ಲಿ ಅಂಗಡಿ ಇಟ್ಟಿದ್ವಿ. ಅವಳು ಸಂತೆ ಮೈದಾನಕ್ಕೆ ಎತ್ತಿಕೊಂಡು ಹೋದ್ಲು, ಗಿರಾಕಿಗಳು ಅವಳ ಹಿಂದೆ ಹೋದ್ರು. ಒಂದು ಬ್ಲೌಸ್ ಹೊಲಿಸೋಕೆ ಆರು ಸಾವಿರ ಹೆಜ್ಜೆ ಯಾರು ನಡೀತಾರೆ ಹೇಳಿ? ಮೀಟರಿನವನೂ ಬರಲ್ಲ, ಅಂದಾಜಲ್ಲೇ ಬರೆದು ಕಳಿಸ್ತಾನೆ. ಸೈಕಲ್ ಇದ್ರೆ ಬರ್ತಾರೆ. ನನ್ನ ಕೈ ಹೊಲಿಗೆ ಅವರಿಗೆಲ್ಲ ಗೊತ್ತು."

"ದಿನಕ್ಕೆ ಎಷ್ಟು ಬೆಳೀತಿದೆ ದಾರಿ?"

"ಎಪ್ಪತ್ತು." ಇಬ್ಬರಿಗೂ ಲೆಕ್ಕ ಬರುತ್ತಿತ್ತು. ಒಂಬತ್ತು ಸಾವಿರಕ್ಕೆ ಇನ್ನು ನಲವತ್ತು ದಿನ.

ಎರಡನೆಯ ಸಲ ಹೋದಾಗ ಆರು ಸಾವಿರದ ಒಂಬೈನೂರ ಹದಿನಾಲ್ಕು. ಕುರ್ಚಿ ಬಾಗಿಲ ಹತ್ತಿರಕ್ಕೇ ಬಂದಿತ್ತು, ಮೇಲೊಂದು ಹೊಸ ದಿಂಬು. ನಾನು ಬೇಡ ಎಂದೆ. "ಇಲ್ಲಿ ಒಂದು ಗಳಿಗೆ ಕೂತ್ರೆ ನಿಮ್ಮ ಗಂಟೇನು ಹೋಗುತ್ತೆ?" ಅಂತ ರೇಗಿದರು. ಆಮೇಲೆ ತಾವೇ, "ಹೋಗ್ಲಿ ಬಿಡಿ, ನಿಮ್ಮ ಕೆಲಸ ನಿಮಗೆ," ಎಂದು ಒಳಗೆ ಹೋದರು. ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಸಿಟ್ಟು. ನಾನೇನು ಕಲ್ಲೇ? ಕಲ್ಲಿನ ಮೇಲಾದರೂ ಯಾರಾದರೂ ಕೂರುತ್ತಾರೆ.

ಮೂರನೆಯ ಸಲದ್ದು ಬೇಸಿಗೆಯ ಮಧ್ಯಾಹ್ನ. ಬಯಲಿನಲ್ಲಿ ಒಂದು ಮರವಿಲ್ಲ. ಏಳು ಸಾವಿರದ ಆರುನೂರ ಹದಿನಾಲ್ಕಕ್ಕೆ ಅವರ ಬಾಗಿಲು ಮುಟ್ಟಿದಾಗ ಕಣ್ಣು ಕತ್ತಲಿಟ್ಟಿತು. ನಾನು ಕೂರಲಿಲ್ಲ, ಅವರು ನನ್ನ ತೋಳು ಹಿಡಿದು ಕೂರಿಸಿದರು ಅಂತ ಮೊದಮೊದಲು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಅವರು ಬಾಗಿಲು ತೆರೆದರು, ನಾನೇ ಹೊಸಿಲು ದಾಟಿದೆ, ಕೂತೆ. ದಿಂಬು ಮೆತ್ತಗಿತ್ತು. ಒಂದು ದೊಡ್ಡ ಲೋಟ ಮಜ್ಜಿಗೆ ಕೊಟ್ಟರು, ಶುಂಠಿ ಜಾಸ್ತಿ. ಇನ್ನೊಬ್ಬರ ಮನೆಯೊಳಗಿಂದ ಹೊರಗಿನ ಬೀದಿ ಹೇಗೆ ಕಾಣುತ್ತದೆ ಅನ್ನುವುದನ್ನೇ ನಾನು ಮರೆತುಬಿಟ್ಟಿದ್ದೆ. ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡೆ. ಮಜ್ಜಿಗೆ ಖಾರ ಅಂತ ನೆಪ ಹೇಳಿದೆ.

"ಅಯ್ಯೋ, ಮೆಣಸಿನಕಾಯಿ ಹಾಕೇ ಇಲ್ಲವಲ್ರೀ," ಎಂದರು ದ್ರಾಕ್ಷಾಯಣಮ್ಮ. ಆಮೇಲೆ ನನ್ನ ಮುಖ ನೋಡಿ ಮಾತು ಬದಲಿಸಿದರು.

ಮಾರನೆಯ ದಿನ ಕೆಲಸವಿಲ್ಲದಿದ್ದರೂ ಹೋದೆ. ಅದರ ಮಾರನೆಯ ದಿನವೂ ಹೋದೆ. ಕೂತಾಗಲೆಲ್ಲ ದಾರಿ ಏಳುನೂರು ಎಂಟುನೂರು ಹೆಜ್ಜೆ ತಗ್ಗುತ್ತಿತ್ತು. ಅವರು ಹೊಲಿಯುತ್ತಾ ಮಾತಾಡುವರು, ನಾನು ಕೂತು ಕೇಳುವೆ. ಯಾವ ಮನೆಯ ಹೆಂಗಸು ದಪ್ಪಗಾದರೂ ಒಪ್ಪಿಕೊಳ್ಳದೆ ಹಳೆಯ ಅಳತೆಗೇ ಹೊಲಿಸಿ ಜಗಳಕ್ಕೆ ಬರುತ್ತಿದ್ದಳು, ಯಾವ ಮದುಮಗಳು ಮುಹೂರ್ತಕ್ಕೆ ಗಳಿಗೆ ಮುಂಚೆ ತೋಳು ಬಿಗಿ ಅಂತ ಅತ್ತಳು, ಇಂಥವು. ಒಂದು ದಿನ, "ನೀವು ಇಷ್ಟು ಸಲ ಬಂದು ಕೂತ್ರಿ. ನಾನು ನಿಮ್ಮನೆಗೆ ಬರಬೇಕಲ್ಲ, ಪದ್ಧತಿ ಬಿಡೋಕಾಗುತ್ತಾ?" ಎಂದರು. ಬನ್ನಿ ಅಂದರೆ ದಾರಿಯುದ್ದ ನೋಡಿಬಿಡುತ್ತಾರೆ. ಅಳತೆಯವನಿಗೆ ಯಾರೂ ಇಲ್ಲ ಅಂತ ತಿಳಿದುಹೋಗುತ್ತದೆ. "ಆಮೇಲೆ ನೋಡೋಣ, ಮೊದಲು ನಿಮ್ಮ ನಿಲ್ದಾಣ ಆಗಲಿ," ಎಂದೆ. ದೊಡ್ಡ ಜಂಬದವನ ಹಾಗೆ.

ಎಂಟು ದಿನದ ಮೇಲೆ ಅಂಬುಜಾಕ್ಷಿ ಮೇಡಂ ಕರೆದರು. ಅಂತಿಮ ಅಳತೆಗೆ ಅವರೇ ಗಾಲಿ ತೆಗೆದುಕೊಂಡು ಹೋಗಿ ಬಂದಿದ್ದರು. "ಏನ್ರೀ ಇದು? ಇಟ್ಟಿಗೆಗೂಡು ನಾಲ್ಕು ಸಾವಿರ, ಸರಿ. ಬತ್ತಿ ಓಣಿ ಏಳೂವರೆ ಸಾವಿರ ಅಂತ ಬರೆದಿದ್ದೀರಿ. ನಾನು ಅಳೆದ್ರೆ ಸಾವಿರದ ಒಂಬೈನೂರು! ಇಷ್ಟು ಹತ್ತಿರಕ್ಕೆ ಸೈಕಲ್ ಯಾಕ್ರೀ ಬೇಕು?" ನಾನು ತಲೆ ತಗ್ಗಿಸಿ ನಿಂತೆ. ಮೇಡಂ ನನ್ನನ್ನೇ ನೋಡಿದರು. ನಿಧಾನವಾಗಿ, "ಕೂತ್ರಾ?" ಎಂದರು. ಹೌದು ಎಂದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. "ತಿಂಗಳ ಕೊನೆಗೆ ಸಹಿ ಹಾಕ್ತೀನಿ. ಅದರ ಹಿಂದಿನ ದಿನ ಇನ್ನೊಂದು ಸಲ ಅಳೀತೀನಿ. ಇಟ್ಟಿಗೆಗೂಡಿನೋರು ಒಬ್ಬರಲ್ಲೊಬ್ಬರು ಕೂರ್ತಾರೆ, ಅವರ ದಾರಿ ಬೆಳೆಯಲ್ಲ, ಕಾಯಬಹುದು. ಮೂರು ಸಾವಿರ ಇದ್ರೆ ಬತ್ತಿ ಓಣಿ, ಇಲ್ದಿದ್ರೆ ಇಟ್ಟಿಗೆಗೂಡು. ನನ್ನ ಕೈಲಾಗೋದು ಇಷ್ಟೇ."

ಮೇಡಂ ಮತ್ತೆ ಅಳೆಯುವುದಕ್ಕೆ ಇಪ್ಪತ್ತು ದಿನವಿತ್ತು. ದಿನಕ್ಕೆ ಎಪ್ಪತ್ತು. ನಾನು ಹೋಗದೇ ಇದ್ದರೆ ಸಾಕು, ದಾರಿ ತಾನಾಗಿ ಮೂರು ಸಾವಿರದ ಮುನ್ನೂರಕ್ಕೆ ಹೋಗಿ ನಿಲ್ಲುತ್ತದೆ. ನಾನು ಹೋದರೆ ಅವರಿಗೆ ನಿಲ್ದಾಣವಿಲ್ಲ. ಆ ಕುರ್ಚಿಯ ಮೇಲೆ ಕೂರುವ ಸುಖಕ್ಕೆ ನಾನು ಅವರ ಹೊಟ್ಟೆಯ ಮೇಲೆ ಹೊಡೆದಿದ್ದೆ.

ಹೋಗಿ ಹೇಳಿದೆ, ಬಾಗಿಲಲ್ಲೇ ನಿಂತು. ಅವರು ಮಿಷನ್ನಿನ ಗಾಲಿಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ನಾನು ಆಸೆಯಿಂದಲೇ ಹೇಳಿದೆ, "ನಿಲ್ದಾಣ ಬರದಿದ್ರೂ ಪರವಾಗಿಲ್ಲ, ನಾನು ದಿನಾ ಬಂದು ಕೂರ್ತೀನಿ. ದಾರಿ ಬೆಳೆಯೋಕೆ ಬಿಡಲ್ಲ. ಒಂಬತ್ತು ಸಾವಿರದ ಭಯ ನಿಮಗೆ ಬೇಡ." ನನ್ನ ಜನ್ಮದಲ್ಲಿ ಯಾರಿಗೂ ಅಷ್ಟು ದೊಡ್ಡ ಮಾತು ಕೊಟ್ಟವನಲ್ಲ.

"ನೀವು ಒಬ್ಬರು ಬಂದ್ರೆ ನಂಗೆ ಮಾತಿಗೆ ಜನ ಆಗುತ್ತೆ ಅಳತೆಯೋರೆ. ಹೊಲಿಗೆಗೆ ಆಗಲ್ಲ," ಎಂದರು. "ನಾಳೆ ನಿಮಗೆ ಜ್ವರ ಬಂತು ಅನ್ನಿ. ಕಾಲು ಉಳುಕ್ತು ಅನ್ನಿ. ನಾನು ಒಬ್ಬರ ಕಾಲನ್ನೇ ನಂಬ್ಕೊಂಡು ಇರ್ಲಾ? ನನ್ನ ಕೈಗೆ ಕೆಲಸ ಬೇಕು. ಬೇಜಾರು ಮಾಡ್ಕೋಬೇಡಿ. ಬರಬೇಡಿ."

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ಅಷ್ಟು ನೋವಾಯಿತು.

ಆ ಇಪ್ಪತ್ತು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಇಪ್ಪತ್ತೆರಡು ವರ್ಷ ಎಲ್ಲೂ ಕೂರದೆ ಇದ್ದಾಗ ಆಗದ ಸಂಕಟ ಈಗ ಆಯಿತು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಗಾಲಿ ಟಕ್ ಟಕ್ ಅನ್ನುತ್ತಾ ಇರುತ್ತಿತ್ತು, ಮಾತಾಡುವ ದನಿ ಅದೊಂದೇ. ಮನೆಯಲ್ಲಿ ಕುರ್ಚಿಗಳಿಗೇನು ಬರವಿಲ್ಲ, ನಾಲ್ಕಿದ್ದವು. ಒಂದರಲ್ಲಿ ನಾನು ಕೂತು, ಎದ್ದು, ಇನ್ನೊಂದರಲ್ಲಿ ಕೂತು ನೋಡಿದೆ. ಮನೆಯವನು ಕೂತರೆ ಲೆಕ್ಕಕ್ಕಿಲ್ಲ ಅಂತ ಗೊತ್ತು. ಮಾರನೆಯ ದಿನ ಅಳೆದೆ, ಒಂದು ಹೆಜ್ಜೆ ಹೆಚ್ಚಿತ್ತು. ಒಂದೊಂದು ದಿನ ಸಂತೆ ಮೈದಾನದ ಗೋಡೆಯ ತನಕ ಹೋಗಿ, ಬಯಲು ನೋಡಿ ವಾಪಸಾಗುತ್ತಿದ್ದೆ. ಅಷ್ಟು ದೂರಕ್ಕೆ ಮಿಷನ್ನಿನ ಸದ್ದು ಕೇಳುವುದಿಲ್ಲ. ಕೇಳಿದ ಹಾಗೆ ಆಗುತ್ತಿತ್ತು.

ಮೇಡಂ ಅಳೆದರು. ಮೂರು ಸಾವಿರದ ಮುನ್ನೂರು. ಸಹಿ ಹಾಕಿದರು. ಇಟ್ಟಿಗೆಗೂಡಿನವರು ಬಂದು ಗಲಾಟೆ ಮಾಡಿದರು, ಮೇಡಂ ಜಗ್ಗಲಿಲ್ಲ. ನಾಲ್ಕು ದಿನದಲ್ಲಿ ಬತ್ತಿ ಓಣಿಯ ತುದಿಯಲ್ಲಿ ಹತ್ತು ಗೂಟ ನೆಟ್ಟರು. ಆ ವಾರವೇ ಮದುವೆ ಸೀಸನ್ ಶುರು. ದ್ರಾಕ್ಷಾಯಣಮ್ಮ ಅಂದುಕೊಂಡದ್ದು ಸುಳ್ಳಾಗಲಿಲ್ಲ, ಮೊದಲು ಇಬ್ಬರು ಬಂದರಂತೆ, ಅವರು ಹೋಗಿ ನಾಲ್ಕು ಜನಕ್ಕೆ ಹೇಳಿದರಂತೆ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ಲೌಸ್ ಪೀಸಿನ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಹೆಂಗಸರು ಬಯಲಿನಲ್ಲಿ ಸೈಕಲ್ ತುಳಿಯುವುದನ್ನು ನಾನೇ ಕಂಡೆ. ಕಚೇರಿಯ ಪುಸ್ತಕದಲ್ಲಿ ಬತ್ತಿ ಓಣಿಯ ದಾರಿ ಎರಡು ಸಾವಿರ, ಸಾವಿರದ ಇನ್ನೂರು, ಒಂಬೈನೂರು ಅಂತ ಇಳಿಯುತ್ತಾ ಬಂತು. ಬರೆಯುವವನು ನಾನೇ.

ನಾನು ಮಾತ್ರ ಹೋಗಿರಲಿಲ್ಲ. ಬರಬೇಡಿ ಅಂದದ್ದು ಇಪ್ಪತ್ತು ದಿನದ ಮಟ್ಟಿಗೆ ಅಂತ ಗೊತ್ತಿದ್ದರೂ, ಬನ್ನಿ ಅಂತ ಮತ್ತೆ ಯಾರೂ ಹೇಳಿರಲಿಲ್ಲವಲ್ಲ. ಆದರೆ ಒಂದು ಶುಕ್ರವಾರ ಬೆಳಿಗ್ಗೆ ಮನೆಯಿಂದ ಕಚೇರಿಗೆ ಬಂದು ಗಾಲಿಯ ಲೆಕ್ಕ ನೋಡಿದರೆ ಎಂಟು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಶನಿವಾರ ಒಂಬತ್ತು ಸಾವಿರ. ಭಾನುವಾರ ದಾಟುತ್ತದೆ. ಇನ್ನು ಮಾನ ಮರ್ಯಾದೆ ನೋಡುತ್ತಾ ಕೂತರೆ ಆಗುವುದಿಲ್ಲ ಅಂತ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸೈಕಲ್ ತೆಗೆದುಕೊಂಡು ಹೊರಟೆ. ಕೇಳಿಬಿಡುತ್ತೇನೆ, ಇವತ್ತೋ ನಾಳೆಯೋ ನನ್ನ ಮನೆಗೆ ಬಂದು ಒಂದು ಗಳಿಗೆ ಕೂರಿ ಅಂತ. ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿದೆ.

ತುಳಿಯಲು ಶುರು ಮಾಡಿದೆ ಅನ್ನುವಷ್ಟರಲ್ಲಿ ಬತ್ತಿ ಓಣಿ ಬಂದೇಬಿಟ್ಟಿತು. ನೋಡಿದರೆ ನಿಲ್ದಾಣದ ಹತ್ತು ಗೂಟವೂ ಭರ್ತಿ, ಹತ್ತು ಸೈಕಲ್ಲು ಒತ್ತಾಗಿ ನಿಂತಿವೆ. ನನ್ನದನ್ನು ಸಿಕ್ಕಿಸಲು ಜಾಗವಿಲ್ಲ. ಗೋಡೆಗೆ ಒರಗಿಸಿ ಬಿಡುವ ಹಾಗಿಲ್ಲ, ಆ ನಿಯಮ ಬರೆಯುವಾಗ ಪಕ್ಕದಲ್ಲಿ ನಿಂತಿದ್ದವನು ನಾನೇ. ಹ್ಯಾಂಡಲ್ ಹಿಡಿದುಕೊಂಡು ಬಾಗಿಲ ತನಕ ಬಂದೆ. ಒಳಗೆ ಕಾಲಿಡಲು ತೆರಪಿಲ್ಲ. ಕುರ್ಚಿ, ಮಣೆ, ಚಾಪೆ, ಕಿಟಕಿಯ ಕಟ್ಟೆ, ಎಲ್ಲ ಕಡೆ ಹೆಂಗಸರು. ದಿಂಬಿನ ಕುರ್ಚಿಯಲ್ಲಿ ಕೂತ ದಪ್ಪನೆಯ ಹೆಂಗಸು ತನ್ನ ಅಳತೆ ಹಳೆಯದೇ ಅಂತ ವಾದಿಸುತ್ತಿದ್ದಳು. ನಗು, ಬೈಗುಳ, ಬಳೆಯ ಸದ್ದು. ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಅದನ್ನು ಯಾಕೆ ಮುಚ್ಚಿಡಲಿ.

ದ್ರಾಕ್ಷಾಯಣಮ್ಮ ನನ್ನನ್ನು ಕಂಡು ಹಲ್ಲಿನ ನಡುವೆ ಕಚ್ಚಿದ್ದ ದಾರ ತೆಗೆದು, ಜನರನ್ನು ದಾಟಿಕೊಂಡು ಬಾಗಿಲಿಗೆ ಬಂದರು. ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. "ಎಲ್ಲಿಗೆ ಹೋಗಿಬಿಟ್ರಿ? ದಿನಾ ದಾರಿ ನೋಡ್ದೆ! ಒಂದು ಗಳಿಗೆ ಇರಿ, ಯಾರಾದ್ರೂ ಒಬ್ಬರು ಎದ್ರೆ ಗೂಟ ಖಾಲಿ ಆಗುತ್ತೆ." ಒಳಗೆ ತಿರುಗಿ, "ಯಾರಾದ್ರೂ ಹೊರಡ್ತೀರೇನ್ರೇ?" ಎಂದರು. ನಮ್ಮೂರಿನಲ್ಲಿ ಕೂತವರು ಅಷ್ಟು ಸುಲಭಕ್ಕೆ ಏಳುವುದಿಲ್ಲ.

"ನಾನು ಕೂರೋಕೆ ಬಂದಿದ್ದಲ್ಲ," ಎಂದೆ.

"ನಂಗೊತ್ತು. ನಾನೇ ನಿಮ್ಮನೆಗೆ ಬರಬೇಕು, ಅಷ್ಟು ದಿನ ಬಾಕಿ ಉಳಿಸ್ಕೊಂಡಿದ್ದೀನಿ." ಸೊಂಟದಿಂದ ಅಳತೆ ಬರೆಯುವ ಪುಸ್ತಕ ಎಳೆದರು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದರು. "ಹೆಸರು ಹೇಳಿ. ಇಷ್ಟು ದಿನ ಕೇಳಲೇ ಇಲ್ಲ ನೋಡಿ, ನನ್ನ ಬುದ್ಧಿಗಿಷ್ಟು."

"ಇಂದುಧರ."

ಬರೆದುಕೊಂಡರು. "ಮನೆ ಎಲ್ಲಿ ಬರುತ್ತೆ?"

ಊರಿನ ಯಾವ ಮನೆಗೆ ಬೇಕಾದರೂ ನಿದ್ದೆಗಣ್ಣಿನಲ್ಲಿ ದಾರಿ ಹೇಳುವವನು ನಾನು, ನನ್ನ ಮನೆಗೆ ದಾರಿ ಕೇಳಿದವರೇ ಇರಲಿಲ್ಲ. ದೀಪದ ಕಂಬದಿಂದ ಶುರು ಮಾಡಿ, ನೀರಿನ ಟ್ಯಾಂಕು, ಆಮೇಲೆ ಬೇಲಿ, ಬೇಲಿಯ ಪಕ್ಕದಲ್ಲೇ ನೆಟ್ಟಗೆ ಅಂತ ತೊದಲಿದೆ. ಅವರು ಒಂದೊಂದಕ್ಕೂ "ಹೂಂ, ಅಲ್ಲಿಂದ?" ಎನ್ನುತ್ತಾ ಬರೆದುಕೊಂಡರು.

"ಭಾನುವಾರ ಬರ್ತೀನಿ. ಇವತ್ತು ನಾಳೆ ತಲೆ ಕೆರ್ಕೊಳ್ಳೋಕೂ ಪುರಸೊತ್ತಿಲ್ಲ. ಭಾನುವಾರ ಅಂಗಡಿ ರಜ. ಬೆಳಿಗ್ಗೆನೇ ಬಂದು, ಸಂಜೆತನಕ ಕೂತ್ಕೋತೀನಿ," ಎಂದರು. ಒಳಗಿನಿಂದ ಯಾರೋ "ದ್ರಾಕ್ಷಾಯಣಕ್ಕಾ, ತೋಳು ನೋಡು ಬಾ" ಅಂತ ಕೂಗಿದರು. ಅವರು "ಬಂದೆ!" ಎಂದರು, ಆದರೆ ಕದಲಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದರು. "ಎಷ್ಟಿದೆ ನಿಮ್ಮನೆಗೆ? ದೂರಾನಾ?"

ಇವತ್ತೇ ಬನ್ನಿ ಅನ್ನಬೇಕಿತ್ತು. ಬಾಯಿಪಾಠ ಮಾಡಿಕೊಂಡು ಬಂದದ್ದು ಅದನ್ನೇ. ಅಂದಿದ್ದರೆ ಅವರು ಟೇಪು ಬಿಸಾಕಿ, ಹತ್ತು ಜನರನ್ನು ಎಬ್ಬಿಸಿ ಕಳಿಸಿ ನನ್ನ ಜೊತೆ ಹೊರಟುಬಿಡುತ್ತಿದ್ದರು, ಅಂಥ ಹೆಂಗಸು. ಒಳಗೆ ನೋಡಿದೆ. ಮಿಷನ್ನಿನ ಮೇಲೆ ನೀಲಿ ಬಟ್ಟೆ, ಯಾರದ್ದೋ ಮದುವೆಯದು. ಬಿಚ್ಚುವುದಕ್ಕೆ ಹೊಲಿದದ್ದಲ್ಲ.

"ಹತ್ತಿರಾನೇ. ಒಂದೆರಡು ಸಾವಿರ ಆಗಬಹುದು," ಎಂದೆ.

ಇಪ್ಪತ್ತೆರಡು ವರ್ಷದಲ್ಲಿ ನಾನು ಬಾಯಿಬಿಟ್ಟು ಹೇಳಿದ ಮೊದಲ ತಪ್ಪು ಅಳತೆ ಅದು. ಅವರು ಅದನ್ನೂ ಬರೆದುಕೊಂಡರು.

ಅರ್ಧ ಗಂಟೆ ಆಗುತ್ತಾ ಬಂದಿತ್ತು. ಸೈಕಲ್ ಬಿಡಲು ಸಂತೆ ಮೈದಾನಕ್ಕೆ ತುಳಿದೆ, ಅಲ್ಲಿ ಖಾಲಿ ಗೂಟ ಇತ್ತು. ಶನಿವಾರ ಕಚೇರಿಯ ಪುಸ್ತಕದಲ್ಲಿ ನನ್ನ ಮನೆಯ ಮುಂದೆ ಒಂಬತ್ತು ಸಾವಿರ ಅಂತ ಸರಿಯಾಗಿಯೇ ಬರೆದೆ. ಮೇಡಂ ಆ ಪುಟ ನೋಡಿದರೋ ಇಲ್ಲವೋ ಗೊತ್ತಿಲ್ಲ. ಹೊರಡುವಾಗ, "ಸೋಮವಾರ ಬೇಗ ಬನ್ನಿ, ಕೆಲಸ ಇದೆ," ಎಂದರು. ಹೂಂ ಎಂದೆ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ನಾಲ್ಕು ಕುರ್ಚಿಯನ್ನೂ ಒರೆಸಿದೆ. ಉಪ್ಪಿಟ್ಟು ಮಾಡಿದೆ, ಆರಿತು. ಮತ್ತೆ ಬಿಸಿ ಮಾಡಿದೆ. ಬಾಗಿಲು ತೆರೆದು ನೋಡಿದರೆ ಬೇಲಿಯ ಪಕ್ಕದ ದಾರಿ ಎಂದಿನ ಹಾಗೇ ಇತ್ತು, ಏನೂ ಬದಲಾದ ಹಾಗೆ ಕಾಣಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅತ್ತ ಕಡೆಯಿಂದ ದನಿ ಕೇಳಿತು. "ಇಂದುಧರಪ್ಪನೋರೇ!" ನನ್ನ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. "ಎಲ್ರೀ ನಿಮ್ಮನೆ? ಎರಡು ಸಾವಿರ ಅಂದ್ರಲ್ಲ, ನಾನು ಆಗಲೇ ನಾಲ್ಕು ಸಲ ಅಷ್ಟು ನಡೆದೆ!"

"ಅಲ್ಲೇ ಇರಿ, ಬಂದೆ!" ಅಂತ ಕೂಗಿ, ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದೆ. ಬೇಲಿ ಹಿಡಿದು ನೆಟ್ಟಗೆ ನಡೆದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೂಗು ಕೇಳಿತು, ಮೊದಲಿನಷ್ಟೇ ದೂರದಿಂದ. "ಬಂದೆ!" ಎಂದೆ. ಬಿಸಿಲು ಏರಿತು. ಅವರು ಕೂಗುವುದನ್ನು ನಿಲ್ಲಿಸಲಿಲ್ಲ, ವಾಪಸು ಹೋಗಲಿಲ್ಲ. ಪ್ರತಿ ಸಲ ಅವರು ಹೆಸರು ಹಿಡಿದು ಕರೆದಾಗಲೂ ನಾನು ಬಂದೆ, ಬಂದೆ ಅನ್ನುತ್ತಾ ನಡೆಯುತ್ತಲೇ ಇದ್ದೆ.